ಜಪಾನಿನ ಹಳೆಯ ಕತ್ತಿಗಳು: ಅವುಗಳ ಸಂಗ್ರಹ ಮತ್ತು ಜೀರ್ಣೋದ್ಧಾರ

ಜಪಾನಿನ ಒಂದು ಹಳ್ಳಿಯ ಮನೆಯಲ್ಲಿ, ಅಟ್ಟದ ಮೇಲಿನ ಪೆಟ್ಟಿಗೆಯೊಳಗೆ, ಮೂರು ತಲೆಮಾರುಗಳಿಂದ ಯಾರೂ ಮುಟ್ಟದೆ ಇದ್ದ ಕತ್ತಿಯೊಂದು ದೊರೆಯಿತೆಂದು ಭಾವಿಸೋಣ. ಒರೆಯ ಮೇಲಣ ಅರಗಿನ ಮೆರುಗು ಬಿರಿದಿದೆ. ಹಿಡಿಗೆ ಸುತ್ತಿದ ರೇಷ್ಮೆಯ ಪಟ್ಟಿಯನ್ನು ಹುಳು ತಿಂದು, ಎಳೆಗಳು ಜೋತಾಡುತ್ತಿವೆ. ಅಲಗನ್ನು ಎಳೆದರೆ ಅರ್ಧದವರೆಗೆ ಬಂದು ನಿಲ್ಲುತ್ತದೆ. ಬಂದಷ್ಟು ಭಾಗದ ಮೇಲೆಲ್ಲ ಕೆಂಪು ತುಕ್ಕು. ಇದನ್ನು ಕಂಡವರಿಗೆ ಮೊದಲು ಹೊಳೆಯುವ ಬುದ್ಧಿ ಒಂದೇ: ಮರಳುಕಾಗದವನ್ನು ತಂದು ಚೆನ್ನಾಗಿ ಉಜ್ಜಿ ಬೆಳಗಿಬಿಡುವುದು. ಹೀಗೆ ಉಜ್ಜಿದವರು ಲೋಕದಲ್ಲಿ ಬಹುಮಂದಿ ಇದ್ದಾರೆ. ಐದುನೂರು ವರ್ಷಗಳ ಯುದ್ಧ, ಬೆಂಕಿ, ಭೂಕಂಪಗಳಿಂದ ಪಾರಾಗಿ ಬಂದ ಕತ್ತಿಗಳು ಇಂಥವರ ಕೈಗೆ ಸಿಕ್ಕಿ ಒಂದು ಮಧ್ಯಾಹ್ನದಲ್ಲಿ ಹಾಳಾದುದುಂಟು.

ತುಕ್ಕನ್ನು ತೆಗೆಯುವುದು ತಪ್ಪೆ? ತಪ್ಪಲ್ಲ. ಆದರೆ ಯಾವ ತುಕ್ಕನ್ನು ತೆಗೆಯಬೇಕು, ಯಾವುದನ್ನು ಬಿಡಬೇಕು, ತೆಗೆಯುವಾಗ ಅದರ ಜೊತೆಗೆ ಇನ್ನೇನು ಹೋಗುತ್ತದೆ ಎಂಬುದನ್ನು ಅರಿಯದೆ ಕೈಹಾಕಬಾರದು. ಇದನ್ನು ತಿಳಿಯಬೇಕಾದರೆ ಆ ಕತ್ತಿಯ ಉಕ್ಕಿನೊಳಗೆ ಏನಿದೆ ಎಂಬುದನ್ನು ನಾವು ಮೊದಲು ನೋಡಬೇಕು.

ಮರಳಿನಿಂದ ಉಕ್ಕು

ಜಪಾನಿನ ಕತ್ತಿಯ ಉಕ್ಕು ಹುಟ್ಟುವುದು ಗಣಿಯ ಕಲ್ಲಿನಿಂದಲ್ಲ, ಕಪ್ಪು ಮರಳಿನಿಂದ. ಬೆಟ್ಟದ ಕಲ್ಲು ಶಿಥಿಲವಾಗಿ ಕೊಚ್ಚಿಬಂದ ಮಣ್ಣಿನಲ್ಲಿ ಕಬ್ಬಿಣದ ಆಕ್ಸೈಡಿನ ಕಣಗಳಿರುವುವು. ಅವನ್ನು ನೀರಿನಲ್ಲಿ ತೊಳೆದು ಬೇರ್ಪಡಿಸಿ, ‘ತತರ’ ಎಂಬ ಜೇಡಿಮಣ್ಣಿನ ಕುಲುಮೆಯಲ್ಲಿ ಇದ್ದಲಿನೊಡನೆ ಪದರ ಪದರವಾಗಿ ಸುರಿಯುವರು. ಈ ಕುಲುಮೆ ಮಲಗಿಸಿದ ತೊಟ್ಟಿಯ ಆಕಾರದ್ದು. ಎರಡು ಪಕ್ಕಗಳಿಂದಲೂ ತಿದಿಯ ಗಾಳಿ ನುಗ್ಗುತ್ತದೆ. ಇದ್ದಲು ಉರಿದು ಹುಟ್ಟಿದ ಇಂಗಾಲದ ಮಾನಾಕ್ಸೈಡು ಮರಳಿನ ಆಮ್ಲಜನಕವನ್ನು ಸೆಳೆದುಕೊಂಡು ಕಬ್ಬಿಣವನ್ನು ಬಿಡುಗಡೆ ಮಾಡುತ್ತದೆ. ಶಿಮಾನೆ ಪ್ರಾಂತದ ಒಕುಇಜುಮೊ ಎಂಬಲ್ಲಿ 1977ರಲ್ಲಿ ಈ ಹಳೆಯ ಪದ್ಧತಿಯನ್ನು ಮತ್ತೆ ಆರಂಭಿಸಿದರು. ಅಲ್ಲಿ ಚಳಿಗಾಲದಲ್ಲಿ ಮಾತ್ರ ಕುಲುಮೆ ಹೊತ್ತಿಸುವರು. ಮೂರು ಹಗಲು ಮೂರು ರಾತ್ರಿ ಬಿಡದೆ ಕೆಲಸ ನಡೆಯುವುದು. ಸುಮಾರು 10 ಟನ್ ಮರಳು, 12 ಟನ್ ಇದ್ದಲು ಹಾಕಿದರೆ, ಕಡೆಗೆ ದೊರೆಯುವುದು ಎರಡೂವರೆ ಟನ್ನಿನ ಒಂದು ಮುದ್ದೆ. ಅದನ್ನು ಹೊರಕ್ಕೆ ತೆಗೆಯಲು ಕುಲುಮೆಯನ್ನೇ ಒಡೆಯಬೇಕು. ಮುಂದಿನ ಸಲಕ್ಕೆ ಹೊಸ ಕುಲುಮೆ ಕಟ್ಟಬೇಕು.

ಈ ಮುದ್ದೆ ಪೂರ್ತಿಯಾಗಿ ಕರಗಿ ಎರಕವಾದುದಲ್ಲ ಎಂಬುದನ್ನು ಗಮನಿಸಬೇಕು. ಆದುದರಿಂದ ಅದರ ಒಂದೊಂದು ಕಡೆ ಇಂಗಾಲದ ಪ್ರಮಾಣ ಒಂದೊಂದು ತೆರ. ಮುದ್ದೆಯನ್ನು ಒಡೆದು, ಒಡೆದ ಮುಖದ ಹೊಳಪನ್ನೂ ಹರಳನ್ನೂ ನೋಡಿ ವಿಂಗಡಿಸುವರು. ಶೇಕಡಾ ಒಂದರಿಂದ ಒಂದೂವರೆಯಷ್ಟು ಇಂಗಾಲವುಳ್ಳ ಒಳ್ಳೆಯ ತುಂಡುಗಳಿಗೆ ‘ತಮಹಗನೆ’ ಎಂದು ಹೆಸರು.

ಇಲ್ಲಿ ನಮ್ಮ ನಾಡಿನ ಮಾತೊಂದು ನೆನಪಾಗದೆ ಇರದು. ಮೈಸೂರು ಸೀಮೆಯ ಕಮ್ಮಾರರು ಉಕ್ಕನ್ನು ಮಾಡುತ್ತಿದ್ದ ರೀತಿಯೇ ಬೇರೆ. ಅವರು ಕಬ್ಬಿಣದ ತುಂಡನ್ನು ತಂಗಡಿಯ ಕಡ್ಡಿ, ಹಸಿರೆಲೆಗಳೊಡನೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ ಕಾಯಿಸುತ್ತಿದ್ದುದನ್ನು 1800–01ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ವಿವರವಾಗಿ ಬರೆದಿಟ್ಟಿದ್ದಾನೆ. ಆ ಉಕ್ಕಿಗೆ ಯೂರೋಪಿನಲ್ಲಿ ‘ವೂಟ್ಸ್’ ಎಂದು ಹೆಸರಾಯಿತು. ಈ ಮಾತು ಕನ್ನಡದ ‘ಉಕ್ಕು’ ಎಂಬುದರಿಂದ ಬಂದುದೆಂದು ಅನೇಕ ವಿದ್ವಾಂಸರು ಹೇಳುವರು. ಮೂಸೆಯಲ್ಲಿ ಕರಗಿದ ಉಕ್ಕು ಎಲ್ಲ ಕಡೆಗೂ ಒಂದೇ ಹದದ್ದು, ಕಿಟ್ಟ ಕಡಮೆ. ತತರದ ಉಕ್ಕಿನಲ್ಲಿ ಕಿಟ್ಟವೂ ಉಂಟು, ಏರುಪೇರೂ ಉಂಟು. ಜಪಾನಿನ ಕಮ್ಮಾರನ ಮುಂದಿನ ಶ್ರಮವೆಲ್ಲ ಬಹುಮಟ್ಟಿಗೆ ಈ ದೋಷಗಳನ್ನು ತಿದ್ದುವುದಕ್ಕಾಗಿಯೇ.

ಅವನು ತುಂಡುಗಳನ್ನು ಒಟ್ಟಿ, ಕಾಗದ ಸುತ್ತಿ, ಹುಲ್ಲಿನ ಬೂದಿಯನ್ನೂ ಮಣ್ಣಿನ ಬಗ್ಗಡವನ್ನೂ ಲೇಪಿಸಿ, ಕಾಸಿ ಬಡಿದು ಒಂದು ಗಟ್ಟಿಯಾಗಿ ಬೆಸೆಯುವನು. ಗಟ್ಟಿಯನ್ನು ಉದ್ದಕ್ಕೆ ಬಡಿದು, ನಡುವೆ ಕಡಿದು, ಮಡಿಸಿ, ಮತ್ತೆ ಬಡಿಯುವನು. ಕತ್ತಿಯನ್ನು ಸಾವಿರ ಸಲ ಮಡಿಸುತ್ತಿದ್ದರೆಂಬ ಮಾತು ಕಥೆಗಳಲ್ಲಿ ಕೇಳಿಬರುತ್ತದೆ. ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಿ ನೋಡಬಹುದು. ಒಂದು ಮಡಿಕೆಗೆ ಪದರಗಳು ಎರಡರಷ್ಟಾಗುವುವು, ಹತ್ತು ಮಡಿಕೆಗೆ 1,024, ಹದಿನೈದಕ್ಕೆ 32,768, ಇಪ್ಪತ್ತಕ್ಕೆ ಹತ್ತು ಲಕ್ಷವನ್ನು ಮೀರುವುದು. ಸಾಮಾನ್ಯವಾಗಿ ಹತ್ತರಿಂದ ಹದಿನೈದು ಸಲ ಮಡಿಸಿದರೆ ಸಾಕು. ಅದಕ್ಕಿಂತ ಹೆಚ್ಚಾದರೆ ಲಾಭವಿಲ್ಲ. ಪ್ರತಿಯೊಂದು ಕಾವಿನಲ್ಲಿಯೂ ಇಂಗಾಲ ಸ್ವಲ್ಪ ಉರಿದುಹೋಗುವುದು, ಉಕ್ಕು ಹೊಟ್ಟಾಗಿ ಉದುರುವುದು. ಕೊನೆಗೆ ಇಂಗಾಲ ಶೇಕಡಾ 0.6–0.7ಕ್ಕೆ ಬಂದು ನಿಲ್ಲುತ್ತದೆ. ಕಿಟ್ಟ ಹೊರಬಿದ್ದು ಹದ ಸಮನಾಗಿರುತ್ತದೆ. ಮಡಿಕೆಗಳ ಗುರುತು ಮಾತ್ರ ಮರದ ಎಳೆಗಳಂತೆ ಉಕ್ಕಿನ ಮೈಮೇಲೆ ಉಳಿಯುತ್ತದೆ. ಸಾಧಾರಣವಾಗಿ ಈ ಗಟ್ಟಿ ಉಕ್ಕನ್ನು ಹೊರಚರ್ಮವಾಗಿಯೂ, ಇಂಗಾಲ ಕಡಮೆಯಿರುವ ಮೆತ್ತನೆಯ ಕಬ್ಬಿಣವನ್ನು ತಿರುಳಾಗಿಯೂ ಇಟ್ಟು ಅಲಗನ್ನು ಎಳೆಯುವರು. ಈ ತಿರುಳಿನ ಮಾತು ಮುಂದೆ ಬರುತ್ತದೆ, ಮರೆಯಬಾರದು.

ಇನ್ನು ನೀರು ಕುಡಿಸುವ ಕ್ರಮ. ಕಮ್ಮಾರನ ಅಷ್ಟು ದಿನಗಳ ಕೆಲಸ ಉಳಿಯುವುದೂ ಅಳಿಯುವುದೂ ಈ ಒಂದು ಗಳಿಗೆಯಲ್ಲಿ. ಜೇಡಿಮಣ್ಣು, ಇದ್ದಲಿನ ಪುಡಿ, ಕಲ್ಲಿನ ಪುಡಿ ಕಲಸಿ ಅಲಗಿಗೆ ಬಳಿಯುವರು. ಬೆನ್ನಿನ ಕಡೆ ದಪ್ಪವಾಗಿ, ಬಾಯಿಯ ಕಡೆ ತೆಳ್ಳಗೆ. ಬಣ್ಣ ಚೆನ್ನಾಗಿ ಕಾಣಲೆಂದು ಕತ್ತಲಲ್ಲಿ ಕಾಸಿ, ಸುಮಾರು 750ರಿಂದ 800 ಡಿಗ್ರಿ ಸೆಂಟಿಗ್ರೇಡಿನಲ್ಲಿ ಥಟ್ಟನೆ ನೀರಿಗೆ ಅದ್ದುವರು. ಮಣ್ಣು ತೆಳ್ಳಗಿರುವ ಬಾಯಿ ಕ್ಷಣದಲ್ಲಿ ತಣಿದು, ಅಲ್ಲಿಯ ಉಕ್ಕು ‘ಮಾರ್ಟೆನ್ಸೈಟ್’ ಎಂಬ ಅತಿ ಕಠಿನವಾದ ರೂಪವನ್ನು ತಾಳುತ್ತದೆ. ದಪ್ಪ ಮಣ್ಣಿನ ಕೆಳಗಣ ಬೆನ್ನು ನಿಧಾನವಾಗಿ ತಣಿದು ‘ಪರ್ಲೈಟ್’ ಆಗಿ, ಬಾಗಿದರೂ ಮುರಿಯದಷ್ಟು ಮೆತ್ತಗಿರುತ್ತದೆ. ಮಾರ್ಟೆನ್ಸೈಟ್ ಹೆಚ್ಚು ಸ್ಥಳವನ್ನು ಆಕ್ರಮಿಸುವುದರಿಂದ ಬಾಯಿಯ ಕಡೆ ಹಿಗ್ಗಿ, ಅಲಗು ಬೆನ್ನಿನ ಕಡೆಗೆ ಬಾಗುತ್ತದೆ. ಜಪಾನಿನ ಕತ್ತಿಯ ಚೆಲುವಾದ ಬಾಗು ಬಹುಪಾಲು ಸುತ್ತಿಗೆಯ ಕೆಲಸವಲ್ಲ, ನೀರಿನ ಕೆಲಸ. ಬಾಗುವ ಬದಲು ಒಮ್ಮೊಮ್ಮೆ ‘ಟಣ್’ ಎಂದು ಬಿರಿಯುವುದೂ ಉಂಟು. ಆಗ ಅಷ್ಟೂ ದುಡಿಮೆ ವ್ಯರ್ಥ.

ಕಠಿನವಾದ ಬಾಯಿಗೂ ಮೆದುವಾದ ಮೈಗೂ ನಡುವಣ ಎಲ್ಲೆ, ಸಾಣೆಯ ಮೇಲೆ ಬೆಳ್ಳನೆಯ ಮೋಡದಂತೆ ಕಾಣುತ್ತದೆ. ಇದಕ್ಕೆ ‘ಹಮೋನ್’ ಎಂದು ಹೆಸರು. ಕೆಲವು ಕಮ್ಮಾರರದು ನೇರವಾದ ಗೆರೆ, ಕೆಲವರದು ಅಲೆ, ಬಿಜೆನ್ ಸೀಮೆಯ ಕೆಲವರದು ಲವಂಗದ ಮೊಗ್ಗುಗಳ ಸಾಲಿನಂತಹುದು. ಎಲ್ಲೆಯಲ್ಲಿ ಬರಿಗಣ್ಣಿಗೆ ಕಾಣುವಷ್ಟು ದೊಡ್ಡ ಹರಳುಗಳಿದ್ದರೆ ‘ನಿಯೆ’ ಎಂದೂ, ಮಂಜಿನಂತೆ ಕಲಸಿಕೊಂಡಿದ್ದರೆ ‘ನಿಯೊಯಿ’ ಎಂದೂ ಕರೆಯುವರು. ಯಮಾತೊ, ಯಮಾಶಿರೊ, ಬಿಜೆನ್, ಸೋಶು, ಮಿನೊ ಎಂಬ ಐದು ಸಂಪ್ರದಾಯಗಳನ್ನು ಪಾರಖಿಗಳು ಬೇರ್ಪಡಿಸುವುದು ಇಂತಹ ಗುರುತುಗಳಿಂದಲೇ.

ಮುಟ್ಟಬಾರದ ತುಕ್ಕು

ಪಾರಖಿಯ ಕೈಗೆ ಕತ್ತಿಯನ್ನು ಕೊಟ್ಟರೆ ಅವನು ಹಿಡಿಯಲ್ಲಿರುವ ಬಿದಿರಿನ ಸಣ್ಣ ಗೂಟವನ್ನು ಹೊರಕ್ಕೆ ತಳ್ಳಿ ಹಿಡಿಯನ್ನೇ ಕಳಚುವನು. ಈ ಗೂಟಕ್ಕೆ ‘ಮೆಕುಗಿ’ ಎನ್ನುವರು. ಅಷ್ಟು ದೊಡ್ಡ ಅಲಗು ಹಿಡಿಯಲ್ಲಿ ನಿಲ್ಲುವುದು ಈ ಬಿದಿರಿನ ಚೂರಿನಿಂದ. ಹಿಡಿಯೊಳಗೆ ಹುದುಗಿರುವ ಅಲಗಿನ ಭಾಗವೇ ‘ನಕಗೊ’. ಇದಕ್ಕೆ ಸಾಣೆಯಿಲ್ಲ, ಎಣ್ಣೆಯಿಲ್ಲ, ಹೊಳಪಿಲ್ಲ. ಕಮ್ಮಾರ ಅರದಿಂದ ತೀಡಿ, ಉಳಿಯಿಂದ ತನ್ನ ಹೆಸರನ್ನು ಕೊರೆದು ಬಿಟ್ಟಲ್ಲಿಂದ ಅದು ಶತಮಾನಗಳ ಕಾಲ ತಾನಾಗಿ ತುಕ್ಕು ಹಿಡಿಯುತ್ತ ಬಂದಿರುತ್ತದೆ.

ಈ ತುಕ್ಕು ಅಲಗಿನ ಮೇಲಣ ಕೆಂಪು ತುಕ್ಕಿನಂತಹುದಲ್ಲ. ಕೆಂಪು ತುಕ್ಕು ನೀರು ಸೇರಿದ ಆಕ್ಸೈಡು. ಸಡಿಲವಾದುದು, ತೇವವನ್ನು ಹಿಡಿದುಕೊಂಡು ಇನ್ನೂ ಒಳಕ್ಕೆ ಕೊರೆಯುವುದು. ನಕಗೊವಿನ ಮೇಲಿನದು ಕಾಲಕ್ರಮದಲ್ಲಿ ಬಿಗಿಯಾಗಿ ಕೂತ ಕಪ್ಪು ಪೊರೆ. ಅದು ತಕ್ಕಮಟ್ಟಿಗೆ ಒಳಗಣ ಉಕ್ಕನ್ನು ಕಾಯುತ್ತದೆ. ನೂರು ವರ್ಷದ ಪೊರೆಗೂ ಆರುನೂರು ವರ್ಷದ ಪೊರೆಗೂ ಬಣ್ಣದಲ್ಲಿ, ನುಣುಪಿನಲ್ಲಿ ಭೇದವುಂಟು. ಅಕ್ಷರಗಳ ಅಂಚಿನ ಮೇಲೂ ತಗ್ಗಿನೊಳಗೂ ಪೊರೆ ಒಂದೇ ಸಮನಾಗಿದ್ದರೆ ಅಕ್ಷರ ಕತ್ತಿಯಷ್ಟೇ ಹಳೆಯದು. ತಗ್ಗಿನಲ್ಲಿ ಪೊರೆ ಎಳೆಯದಾಗಿದ್ದರೆ ಯಾರೋ ಆಮೇಲೆ ಹೆಸರಾಂತ ಕಮ್ಮಾರನ ಹೆಸರನ್ನು ಕೊರೆದಿದ್ದಾರೆ. ಇಂತಹ ಕಳ್ಳ ರುಜುಗಳು ಬಹಳ. ಆದುದರಿಂದ ನಕಗೊವನ್ನು ಉಜ್ಜಿ ಬೆಳಗಿದವನು ದಾಖಲೆಯನ್ನೇ ಸುಟ್ಟಂತೆ ಆಯಿತು. ಅದನ್ನು ಮತ್ತೆ ಬರೆಯಲು ಯಾವ ಕುಶಲಿಗೂ ಸಾಧ್ಯವಿಲ್ಲ. ಅಂಗಡಿಯಿಂದ ಮದ್ದು ತಂದು ಬಳಿದು ಕಪ್ಪಾಗಿಸಿದರೆ ಬಲ್ಲವರು ಒಂದು ನೋಟಕ್ಕೇ ಕಂಡುಹಿಡಿಯುವರು.

ಹೆಸರಿಲ್ಲದ ಕತ್ತಿಗಳೂ ಉತ್ತಮವಾಗಿರಬಹುದು. ಹಿಂದಿನ ಕಾಲದ ಕುದುರೆ ಸವಾರರ ನೀಳವಾದ ‘ತಚಿ’ಯನ್ನು, ನಡುಪಟ್ಟಿಯಲ್ಲಿ ಬಾಯಿ ಮೇಲಾಗಿ ಸಿಗಿಸುವ ‘ಕತನ’ವನ್ನಾಗಿ ಮಾಡಲು ಮುಂದಿನವರು ಮೋಟು ಮಾಡಿದರು. ಮೋಟು ಮಾಡುವುದು ಮೊನೆಯಿಂದಲ್ಲ, ನಕಗೊವಿನ ಕಡೆಯಿಂದ. ಹಾಗಾಗಿ ಹೆಸರಿದ್ದ ತುಂಡೇ ಹೋಗಿಬಿಟ್ಟಿತು. ಇಂತಹ ಅಲಗುಗಳನ್ನು ಪರೀಕ್ಷಿಸಿ ಇದು ಇಂತಹವನ ಕೆಲಸ ಎಂದು ಹೇಳುವುದು ಹೊನಾಮಿ ವಂಶದವರ ವೃತ್ತಿ. ತಮ್ಮ ತೀರ್ಪನ್ನು ಅವರು ಮಡಿಸಿದ ಪತ್ರದ ಮೇಲೆ ಬರೆದುಕೊಡುತ್ತಿದ್ದರು. ಕೆಲವೊಮ್ಮೆ ನಕಗೊವಿನ ಮೇಲೆಯೇ ಚಿನ್ನದ ಅಕ್ಷರಗಳಲ್ಲಿ ಕೂರಿಸುತ್ತಿದ್ದರು. ಸಾಣೆ ಹಿಡಿಯುವುದೂ ಇದೇ ವಂಶದ ಕಸುಬಾಗಿತ್ತು. ಇದು ಸಹಜವೇ. ಅಲಗನ್ನು ದಿನವೆಲ್ಲ ಅಂಗುಲ ಅಂಗುಲವಾಗಿ ನೋಡುವವನಿಗಿಂತ ಚೆನ್ನಾಗಿ ಅದನ್ನು ಬಲ್ಲವರು ಯಾರು?

ವಿಜ್ಞಾನಿಗಳೂ ಕತ್ತಿಯ ಒಳಗನ್ನು ನೋಡಲು ಆಸೆಪಟ್ಟುದುಂಟು. ಟೋಕಿಯೊ ವಿಶ್ವವಿದ್ಯಾನಿಲಯದ ಲೋಹಶಾಸ್ತ್ರಜ್ಞ ಕುನಿಇಚಿ ತವರ, ಅಮೆರಿಕದ ಸಿರಿಲ್ ಸ್ಟ್ಯಾನ್ಲಿ ಸ್ಮಿತ್ ಮೊದಲಾದವರು ಅಲಗುಗಳನ್ನು ಅಡ್ಡಲಾಗಿ ಕೊಯ್ದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ನಾವು ಮೇಲೆ ಬರೆದ ವಿಷಯಗಳಲ್ಲಿ ಬಹುಪಾಲು ಇಂತಹ ಪರೀಕ್ಷೆಗಳಿಂದಲೇ ದೃಢಪಟ್ಟವು. ಆದರೆ ಕೊಯ್ದ ಕತ್ತಿ ಮತ್ತೆ ಕೂಡದು. ಈಚಿನ ವರ್ಷಗಳಲ್ಲಿ ಇಂಗ್ಲೆಂಡಿನ ಐಸಿಸ್ ಎಂಬ ಪ್ರಯೋಗಶಾಲೆಯಲ್ಲಿ ನ್ಯೂಟ್ರಾನುಗಳನ್ನು ಅಲಗಿನ ಮೂಲಕ ಹಾಯಿಸಿ, ಗೀರೂ ಬೀಳದಂತೆ ಒಳರಚನೆಯನ್ನು ತಿಳಿಯುತ್ತಿದ್ದಾರೆ. ನ್ಯೂಟ್ರಾನಿಗೆ ವಿದ್ಯುದಂಶವಿಲ್ಲವಾದುದರಿಂದ ಅದು ಉಕ್ಕಿನೊಳಗೆ ಕ್ಷಕಿರಣಗಳಿಗಿಂತ ಬಹಳ ಆಳಕ್ಕೆ ಇಳಿಯಬಲ್ಲದು.

ಸಾಣೆಯವನ ಕೆಲಸ

ಈಗ ನಮ್ಮ ಪೆಟ್ಟಿಗೆಯ ಕತ್ತಿಯ ಅಲಗಿಗೆ ಬರೋಣ. ಅದನ್ನು ಸಾಣೆಗೆ ಕೊಡುವ ಮುನ್ನ ಕೆಲವು ದೋಷಗಳನ್ನು ಹುಡುಕಬೇಕು. ಬಾಯಿಗೆ ಅಡ್ಡಲಾಗಿ ಕೂದಲೆಳೆಯಷ್ಟು ಬಿರುಕಿದ್ದರೂ ಅದು ಮರಣಾಂತಿಕ. ಪೆಟ್ಟು ಬಿದ್ದರೆ ಅಲಗು ಅಲ್ಲಿಯೇ ಮುರಿಯುವುದು, ತಿದ್ದಲು ಉಪಾಯವಿಲ್ಲ. ಪದರಗಳ ನಡುವೆ ಬೆಸುಗೆ ಕೂಡದೆ ಎದ್ದ ಬೊಬ್ಬೆಗಳು ಅಷ್ಟು ಕೆಟ್ಟವಲ್ಲ, ಆದರೆ ಸಾಣೆ ಹಿಡಿದಾಗ ಒಡೆದು ಗುಳಿಯಾಗಬಹುದು. ಎಲ್ಲಕ್ಕಿಂತ ಮೋಸದ ದೋಷ ಬೆಂಕಿಯದು. ಮನೆಗೆ ಬೆಂಕಿ ಬಿದ್ದು ಕತ್ತಿ ಕಾದರೆ ಆಕಾರ ಹಾಗೆಯೇ ಉಳಿದರೂ ಬಾಯಿಯ ಮಾರ್ಟೆನ್ಸೈಟ್ ಅಳಿದು, ಹಮೋನ್ ಮಾಯವಾಗುತ್ತದೆ. 1615ರಲ್ಲಿ ಒಸಾಕಾ ಕೋಟೆ ಸುಟ್ಟಾಗ ಅಲ್ಲಿದ್ದ ಪ್ರಸಿದ್ಧ ಕತ್ತಿಗಳು ಹೀಗೆ ಬೆಂದುಹೋದವು. ತೊಕುಗಾವ ಇಯೆಯಾಸು ತನ್ನ ಕಮ್ಮಾರನಾದ ಯಸುತ್ಸುಗುವಿನಿಂದ ಅವುಗಳಲ್ಲಿ ಹಲವಕ್ಕೆ ಮತ್ತೆ ನೀರು ಕುಡಿಸಿದನು. ಕತ್ತಿ ಹರಿತವಾಯಿತು, ನಿಜ. ಆದರೆ ಈಗ ಅದರಲ್ಲಿ ಕಾಣುವ ಹಮೋನ್ ಯಸುತ್ಸುಗುವಿನದೇ ಹೊರತು, ಮುನ್ನೂರು ವರ್ಷ ಹಿಂದಿನ ಮೊದಲ ಕಮ್ಮಾರನದಲ್ಲ. ಇಂತಹುದನ್ನು ಜೀರ್ಣೋದ್ಧಾರ ಎನ್ನಬೇಕೆ, ಹೊಸ ಕೃತಿ ಎನ್ನಬೇಕೆ ಎಂಬ ಪ್ರಶ್ನೆ ಇಂದಿಗೂ ಬಗೆಹರಿದಿಲ್ಲ.

ಯಂತ್ರದ ಚಕ್ರಕ್ಕೆ ಹಿಡಿದು ಹೊಳಪು ಕೊಡುವವರು ಇದೇ ಅನಾಹುತವನ್ನು ಸಣ್ಣ ಪ್ರಮಾಣದಲ್ಲಿ ಮಾಡುವರು. ಎರಡುನೂರು ಡಿಗ್ರಿ ದಾಟಿತೆಂದರೆ ಮಾರ್ಟೆನ್ಸೈಟ್ ಸಡಿಲವಾಗತೊಡಗುತ್ತದೆ. ತೆಳ್ಳನೆಯ ಬಾಯಿ ಚಕ್ರದ ಉಜ್ಜುವಿಕೆಯಿಂದ ಅಷ್ಟು ಕಾಯಲು ಕೆಲವು ಗಳಿಗೆ ಸಾಕು. ಜೊತೆಗೆ ಅಲಗಿನ ಪಕ್ಕದ ಏಣು, ಮೊನೆಯ ಎಲ್ಲೆಗೆರೆ ಇವೆಲ್ಲ ದುಂಡಾಗಿ ಹೋಗುವುವು.

ಸಾಣೆಯವನ ಕ್ರಮ ಇದಕ್ಕೆ ತದ್ವಿರುದ್ಧ. ಅವನು ಗಿಡ್ಡ ಮಣೆಯ ಮೇಲೆ ಕುಳಿತು, ಕಲ್ಲನ್ನು ಅದುಮಿ ಹಿಡಿಯುವ ಮರದ ಕೀಲನ್ನು ಕಾಲಿನಿಂದ ಒತ್ತಿಕೊಂಡು, ಅಲಗನ್ನು ಎರಡು ಕೈಗಳಿಂದ ಕಲ್ಲಿನ ಮೇಲೆ ಆಡಿಸುವನು. ಚಲಿಸುವುದು ಕತ್ತಿ, ಕಲ್ಲಲ್ಲ. ನೀರಿಗೆ ಸ್ವಲ್ಪ ಕ್ಷಾರ ಬೆರೆಸಿರುವುದರಿಂದ ಕೆಲಸದ ನಡುವೆ ಹೊಸ ತುಕ್ಕು ಏಳುವುದಿಲ್ಲ. ಮೊದಲ ಒರಟು ಕಲ್ಲುಗಳು ತುಕ್ಕನ್ನು ತೆಗೆದು ಆಕಾರವನ್ನು ಸರಿಪಡಿಸುವುವು. ಆಮೇಲಿನ ಒಂದೊಂದು ಕಲ್ಲೂ ಹಿಂದಿನ ಕಲ್ಲಿನ ಗೀರುಗಳನ್ನು ಅಳಿಸಿ ತನ್ನ ನುಣ್ಣನೆಯ ಗೀರುಗಳನ್ನು ಬಿಡುವುದು. ಗೀರುಗಳ ದಿಕ್ಕನ್ನು ಕಲ್ಲಿನಿಂದ ಕಲ್ಲಿಗೆ ಬದಲಿಸುವುದರಿಂದ ಹಿಂದಿನದು ಉಳಿದಿದ್ದರೆ ಕೂಡಲೆ ಕಾಣುವುದು. ಕೊನೆಯ ‘ಉಚಿಗುಮೊರಿ’ ಎಂಬುದು ಕ್ಯೋಟೊ ಸುತ್ತಿನ ಬೆಟ್ಟಗಳ ಅತಿ ನುಣುಪಾದ ಜಲಜಶಿಲೆ. ಅದರ ಚೂರುಗಳನ್ನು ಉಗುರಿನಷ್ಟು ತೆಳ್ಳಗೆ ಮಾಡಿ, ಹೆಬ್ಬೆರಳಿನ ಕೆಳಗಿಟ್ಟು, ಅಲಗನ್ನು ಉದ್ದಕ್ಕೂ ಉಜ್ಜುವರು. ಆಗ ಮಡಿಕೆಗಳ ಎಳೆ ಮೇಲೆದ್ದು ಕಾಣುವುದು. ಬಳಿಕ ಕಬ್ಬಿಣದ ಆಕ್ಸೈಡಿನ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ತಿಕ್ಕಿ ಮೈಯನ್ನು ಕಪ್ಪೇರಿಸುವರು; ಬಾಯಿಯ ಭಾಗವನ್ನು ಕಲ್ಲಿನ ಚೂರಿನಿಂದ ಬಿಳುಪಾಗಿಸುವರು; ಬೆನ್ನನ್ನು ಉಕ್ಕಿನ ಸೂಜಿಯಿಂದ ತೀಡಿ ಕನ್ನಡಿಯಂತೆ ಮಾಡುವರು. ಒಂದು ಅಲಗಿಗೆ ವಾರಗಳೇ ಹಿಡಿಯುತ್ತವೆ.

ಇಷ್ಟೆಲ್ಲ ನೈಪುಣ್ಯದಿಂದ ಮಾಡಿದರೂ ಸಾಣೆಯೆಂದರೆ ಉಕ್ಕನ್ನು ಸವೆಸುವುದೇ ಅಲ್ಲವೆ? ಹೊರಚರ್ಮದ ದಪ್ಪ ಅಲ್ಪ. ಹತ್ತಾರು ಸಲ ಸಾಣೆ ಕಂಡ ಹಳೆಯ ಅಲಗಿನ ಮೈಯಲ್ಲಿ ಅಲ್ಲಲ್ಲಿ ಚರ್ಮ ಹರಿದು, ನಾವು ಮೊದಲೇ ಹೇಳಿದ ಮೆತ್ತನೆಯ ತಿರುಳು ಮಂಕಾದ ಕಲೆಗಳಾಗಿ ಇಣುಕುತ್ತದೆ. ಅಂತಹುದನ್ನು ‘ದಣಿದ ಕತ್ತಿ’ ಎನ್ನುವರು. ದಣಿದ ಕತ್ತಿಗೆ ವಿಶ್ರಾಂತಿಯೂ ಇಲ್ಲ, ಔಷಧವೂ ಇಲ್ಲ. ಆದುದರಿಂದ ಪ್ರಾಮಾಣಿಕನಾದ ಸಾಣೆಯವನು ಮೊದಲು ಒಂದು ಅಂಗುಲದಷ್ಟು ಕಿಟಕಿಯನ್ನು ಮಾತ್ರ ತೆರೆದು ನೋಡಿ, ಇದಕ್ಕೆ ಪೂರ್ತಿ ಸಾಣೆ ಬೇಕೆ ಎಂದು ನಿರ್ಧರಿಸುವನು. ಅಲ್ಲಲ್ಲಿ ಆಳಕ್ಕಿಳಿದ ತುಕ್ಕಿನ ಚುಕ್ಕೆಗಳನ್ನು ಹಾಗೆಯೇ ಬಿಡುವುದೂ ಉಂಟು. ಎಲ್ಲವನ್ನೂ ತೆಗೆಯಹೊರಟರೆ ಅಷ್ಟು ಆಳದವರೆಗೆ ಇಡೀ ಅಲಗನ್ನು ಸವೆಸಬೇಕಾಗುವುದು. ಚುಕ್ಕೆಯಿರುವ ಕತ್ತಿ ತಿರುಳು ಕಾಣುವ ಕತ್ತಿಗಿಂತ ಮೇಲು ಎಂಬುದು ನಮ್ಮ ಅಭಿಪ್ರಾಯ ಕೂಡ.

ಹಿಡಿ, ಒರೆ, ಕೈಗಾಪು

ಅಲಗಿಗೂ ಹಿಡಿಗೂ ನಡುವೆ ಇರುವ ಲೋಹದ ಬಿಲ್ಲೆಗೆ ‘ತ್ಸುಬ’ ಎಂದು ಹೆಸರು. ಅದು ಕೈಯನ್ನು ಕಾಯುವುದು, ಕತ್ತಿಯ ತೂಕವನ್ನು ಸಮಗೊಳಿಸುವುದು. ಇದರ ಜೊತೆಗೆ ಹಿಡಿಯ ಎರಡು ತುದಿಗಳ ಕಟ್ಟು, ಸುತ್ತುಪಟ್ಟಿಯ ಅಡಿಯಲ್ಲಿ ಸಿಗಿಸುವ ಸಣ್ಣ ಆಭರಣಗಳು, ಒರೆಯ ಪಕ್ಕದಲ್ಲಿ ಇಡುವ ಚಿಕ್ಕ ಚಾಕು ಇವೆಲ್ಲ ಸೇರಿ ಕತ್ತಿಯ ಉಡುಪಾಗುತ್ತವೆ. ಅಲಗಿನ ಆಸೆಯಿಲ್ಲದೆ ಈ ಸಾಮಗ್ರಿಗಳನ್ನಷ್ಟೇ ಸಂಗ್ರಹಿಸುವವರು ಯೂರೋಪ್ ಅಮೆರಿಕಗಳಲ್ಲಿ ಅನೇಕರು. ಅದಕ್ಕೆ ಕಾರಣವಿದೆ. 1876ರಲ್ಲಿ ಮೆಯಿಜಿ ಸರಕಾರ ಸಾರ್ವಜನಿಕವಾಗಿ ಕತ್ತಿ ಧರಿಸುವುದನ್ನು ನಿಷೇಧಿಸಿತು. ಕಮ್ಮಾರರು, ಒರೆಗಾರರು, ಕೆತ್ತನೆಗಾರರು ಬಹುಮಟ್ಟಿಗೆ ಒಟ್ಟಿಗೆ ಕೆಲಸ ಕಳೆದುಕೊಂಡರು. ಬಡವಾದ ಸಮುರಾಯಿ ಮನೆತನಗಳು ಮಾರಿದ ತ್ಸುಬಗಳು ಹಡಗಿನಲ್ಲಿ ಹೊರದೇಶಗಳಿಗೆ ಹೋದವು. ಕಾನೊ ನತ್ಸುವೊ ಎಂಬ ಮಹಾ ಕೆತ್ತನೆಗಾರ (1828–1898) ಸರಕಾರದ ಟಂಕಸಾಲೆಗೆ ಹೊಸ ನಾಣ್ಯಗಳ ಅಚ್ಚುಗಳನ್ನು ರಚಿಸಿಕೊಟ್ಟನು. ಇತರರು ಹೂದಾನಿ, ಪೆಟ್ಟಿಗೆಗಳನ್ನು ಮಾಡಿ ಹೊಟ್ಟೆ ಹೊರೆದರು.

ಈ ಕೆತ್ತನೆಯ ಲೋಹಗಳಲ್ಲಿ ಅತ್ಯಂತ ಕುತೂಹಲಕರವಾದುದು ‘ಶಾಕುದೊ’. ಹದಿನೈದನೆಯ ಶತಮಾನದ ಗೊತೊ ಯುಜೊ ಮೊದಲ್ಗೊಂಡು ಹದಿನೇಳು ತಲೆಮಾರುಗಳ ಗೊತೊ ವಂಶದವರು ಇದನ್ನು ಬಳಸಿದರು. ತಾಮ್ರಕ್ಕೆ ನೂರಕ್ಕೆ ಮೂರರಿಂದ ಐದು ಪಾಲು ಚಿನ್ನ ಬೆರೆಸಿದರೆ ಶಾಕುದೊ. ಹೊಸದಾಗಿ ತೀಡಿದಾಗ ಅದು ಬರಿಯ ತಾಮ್ರದಂತೆಯೇ ಕಾಣುವುದು. ಚಿನ್ನ ಹಾಕಿದ್ದು ದಂಡವಾಯಿತೆಂದು ತೋರಬಹುದು. ಆದರೆ ಅದನ್ನು ಮೂಲಂಗಿಯ ರಸದಲ್ಲಿ ಅದ್ದಿ, ಕಿಲುಬು ಮತ್ತು ಮೈಲುತುತ್ತ ಕರಗಿಸಿದ ನೀರಿನಲ್ಲಿ ಕುದಿಸಿದರೆ, ಕಾಗೆಯ ರೆಕ್ಕೆಯ ನೀಲಿಗಪ್ಪು ಬಣ್ಣ ಮೆಲ್ಲಗೆ ಏರುತ್ತದೆ. ಅದೇ ನೀರಿನಲ್ಲಿ ಶುದ್ಧ ತಾಮ್ರ ಕೆಂಗಂದಾಗುತ್ತದೆ. ಬೆಳ್ಳಿ ಬೆರೆತ ‘ಶಿಬುಇಚಿ’ ಬೂದುಬಣ್ಣ ತಾಳುತ್ತದೆ. ಚಿನ್ನ ಬದಲಾಗುವುದೇ ಇಲ್ಲ. ಹೀಗೆ ಒಂದೇ ಪಾತ್ರೆಯಲ್ಲಿ ಕುದಿಸಿ, ಬಣ್ಣ ಬಳಿಯದೆ, ನಾಲ್ಕು ಬಣ್ಣದ ಚಿತ್ರವನ್ನು ಪಡೆಯುತ್ತಿದ್ದರು. ಶಾಕುದೊವಿನ ಕಪ್ಪಿಗೆ ಕಾರಣ ತಾಮ್ರದ ಆಕ್ಸೈಡಿನ ಅತಿ ತೆಳುವಾದ ಪೊರೆಯಲ್ಲಿ ಚಿನ್ನದ ಅತಿಸೂಕ್ಷ್ಮ ಕಣಗಳು ಹರಡಿರುವುದೆಂದು ಈಚಿನ ಪರೀಕ್ಷೆಗಳಿಂದ ತಿಳಿದಿದೆ.

ಪೊರೆ ಎಷ್ಟು ತೆಳ್ಳಗೆಂದರೆ, ಹಿತ್ತಾಳೆ ಬೆಳಗುವ ಪುಡಿಯಿಂದ ನಾಲ್ಕು ಸಲ ಉಜ್ಜಿದರೆ ಕಾಗೆಬಣ್ಣ ಹೋಗಿ ಕೆಂಪು ತಾಮ್ರ ಇಣುಕುವುದು. ಮತ್ತೆ ಕುದಿಸಿ ಬಣ್ಣ ತರಿಸಬಹುದೆಂಬುದು ನಿಜ. ಆದರೆ ಅದಕ್ಕೆ ಮೊದಲು ಇಡೀ ಮೇಲ್ಮೈಯನ್ನು ಶುದ್ಧಗೊಳಿಸಬೇಕು; ಮೀನಿನ ಮೊಟ್ಟೆಗಳಂತೆ ಒಂದೊಂದಾಗಿ ಒತ್ತಿದ ಸೂಕ್ಷ್ಮ ಗುಬುಟುಗಳು ಆಗ ಇನ್ನಷ್ಟು ಸವೆಯುವುವು. ಕಬ್ಬಿಣದ ತ್ಸುಬದ ವಿಷಯ ಬೇರೆ. ಅಲ್ಲಿ ಕೆಂಪು ತುಕ್ಕನ್ನು ತೆಗೆಯಬೇಕು, ಕೆಳಗಿನ ಕಂದುಗಪ್ಪು ಪೊರೆಯನ್ನು ಉಳಿಸಬೇಕು. ಇದಕ್ಕೆ ಹಳೆಯ ಉಪಾಯವೆಂದರೆ ಕಬ್ಬಿಣಕ್ಕಿಂತ ಮೆದುವಾಗಿಯೂ ತುಕ್ಕಿಗಿಂತ ಬಿರುಸಾಗಿಯೂ ಇರುವ ಮೂಳೆ ಅಥವಾ ಜಿಂಕೆಯ ಕೊಂಬಿನ ಚೂರು. ಅದರಿಂದ ಮೆಲ್ಲಗೆ ಕೆರೆದು, ಬಳಿಕ ಹತ್ತಿಯ ಬಟ್ಟೆಯಿಂದ ದಿನವೂ ಸ್ವಲ್ಪ ಸ್ವಲ್ಪ ಉಜ್ಜುವರು. ತಿಂಗಳುಗಟ್ಟಲೆ ಹಿಡಿಯಬಹುದು. ಆಮ್ಲದಲ್ಲಿ ಮುಳುಗಿಸಿದರೆ ಒಂದು ಗಂಟೆಯಲ್ಲಿ ಮುಗಿಯುವುದು. ಆದರೆ ಆಗ ಉಳಿಯುವುದು ಬೂದಿಬಣ್ಣದ ಬರಿಯ ಕಬ್ಬಿಣದ ಬಿಲ್ಲೆ.

ಹಿಡಿಯ ಮರದ ಮೇಲೆ ಸುತ್ತುವುದು ತೊರಕೆ ಮೀನಿನ ಹರಳು ಹರಳಾದ ಚರ್ಮ. ಅದರ ಮೇಲಿನ ರೇಷ್ಮೆ ಪಟ್ಟಿ ಜಾರದಂತೆ ಇದು ಹಿಡಿಯುವುದು. ಒರೆಗೆ ನಮ್ಮ ಸಂಪಿಗೆಯ ಕುಲಕ್ಕೇ ಸೇರಿದ ‘ಹೊನೊಕಿ’ ಎಂಬ ಮರ. ಅದು ಮೃದು, ಅಂಟು ಸೋರದು. ಒರೆಯ ಎರಡು ಹೋಳುಗಳನ್ನು ಅನ್ನವನ್ನು ಅರೆದ ಅಂಟಿನಿಂದ ಕೂಡಿಸುವರು. ಇನ್ನೂ ಬಲವಾದ ಅಂಟು ಇರಲಿಲ್ಲವೆಂದಲ್ಲ. ಒಳಗೆ ಕೊಳೆ ಸೇರಿದಾಗ ಹೋಳು ಬಿಡಿಸಿ ಶುಚಿಮಾಡಲು ಅನುಕೂಲವಾಗಲೆಂದೇ ಈ ದುರ್ಬಲವಾದ ಅಂಟು. ಸಂಗ್ರಹಕಾರರು ಅಲಗನ್ನು ಬಣ್ಣವಿಲ್ಲದ ಬರಿಮರದ ಒರೆಯಲ್ಲಿ ಇಡುವರು. ಅಲಂಕಾರದ ಒರೆ ಹಿಡಿಗಳನ್ನು ಮರದ ಸುಳ್ಳು ಅಲಗಿಗೆ ತೊಡಿಸಿ ಬೇರೆ ಇಡುವರು.

ಕಳೆದವು, ಮರಳಿದವು

1945ರಲ್ಲಿ ಯುದ್ಧ ಸೋತ ಜಪಾನಿನಲ್ಲಿ ಎಲ್ಲ ಆಯುಧಗಳನ್ನೂ ಒಪ್ಪಿಸಬೇಕೆಂದು ಆಕ್ರಮಣ ಸೇನೆ ಆಜ್ಞೆ ಮಾಡಿತು. ಅಸಂಖ್ಯ ಕತ್ತಿಗಳು ನಾಶವಾದವು. ಎಷ್ಟೋ ಕತ್ತಿಗಳನ್ನು ಸೈನಿಕರು ನೆನಪಿನ ವಸ್ತುವಾಗಿ ಮನೆಗೆ ಕೊಂಡೊಯ್ದರು. ‘ಹೊಂಜೊ ಮಸಮುನೆ’ ಎಂಬ ಹೆಸರುವಾಸಿಯಾದ ಕತ್ತಿಯನ್ನು ತೊಕುಗಾವ ವಂಶದವರು ಟೋಕಿಯೊದ ಒಂದು ಪೋಲೀಸು ಠಾಣೆಗೆ ಒಪ್ಪಿಸಿದರು. ಅಲ್ಲಿಂದ ಮುಂದೆ ಅದರ ಸುಳಿವು ಇಂದಿನವರೆಗೂ ಇಲ್ಲ. ಕಲಾಕೃತಿಯೆನಿಸಿದ ಕತ್ತಿಗಳನ್ನಾದರೂ ಉಳಿಸಬೇಕೆಂದು ಹೊಮ್ಮಾ ಜುಂಜಿ ಮೊದಲಾದ ಪಂಡಿತರು ಸೇನೆಯ ಅಧಿಕಾರಿಗಳನ್ನು ಒಪ್ಪಿಸಿದರು. 1948ರಲ್ಲಿ ಕತ್ತಿಗಳ ಸಂರಕ್ಷಣೆಗಾಗಿ ಸಂಘವೊಂದು ಏರ್ಪಟ್ಟಿತು. ತತರವನ್ನು ಮತ್ತೆ ಹೊತ್ತಿಸಿದ್ದು ಇದೇ ಸಂಘ. ಈಗ ಜಪಾನಿನಲ್ಲಿ ಹಳೆಯ ಕತ್ತಿ ದೊರೆತವರು ಪೋಲೀಸರಿಗೆ ತಿಳಿಸಿ, ಪ್ರಾಂತದ ಶಿಕ್ಷಣ ಮಂಡಲಿಯಿಂದ ನೋಂದಣಿ ಪತ್ರ ಪಡೆಯಬೇಕು. ಹೊರದೇಶಕ್ಕೆ ಕಳುಹಿಸಲು ಬೇರೆ ಅಪ್ಪಣೆ ಬೇಕು.

ಹೊರಹೋದವುಗಳಲ್ಲಿ ಕೆಲವು ಮರಳಿವೆ. ಅಮೆರಿಕದ ಔಷಧ ಉದ್ಯಮಿ, ಡಾಕ್ಟರ್ ವಾಲ್ಟರ್ ಕಾಂಪ್ಟನ್ ತಾನು ಕೊಂಡ ಕತ್ತಿಯೊಂದನ್ನು ಪರೀಕ್ಷಿಸಿದಾಗ, ಅದು ಹದಿಮೂರನೆಯ ಶತಮಾನದ ಕುನಿಮುನೆಯ ಕೃತಿಯೆಂದೂ, ಕಗೊಶಿಮದ ತೆರುಕುನಿ ದೇವಾಲಯದಿಂದ ಯುದ್ಧಾನಂತರ ಕಾಣೆಯಾದ ರಾಷ್ಟ್ರನಿಧಿಯೆಂದೂ ಗೊತ್ತಾಯಿತು. 1963ರಲ್ಲಿ ಆತನು ಬಿಡಿಗಾಸನ್ನೂ ತೆಗೆದುಕೊಳ್ಳದೆ ಅದನ್ನು ಹಿಂದಕ್ಕೆ ಕೊಟ್ಟನು. ಗುರುತು ಹಿಡಿಯಲು ಸಾಧ್ಯವಾದುದು ಅಲಗೂ ರುಜುವೂ ಕೆಡದೆ ಉಳಿದಿದ್ದುದರಿಂದ. 2020ರಲ್ಲಿ ಬಿಜೆನ್ ಸೀಮೆಯ ಸೆತೊಉಚಿ ಎಂಬ ಸಣ್ಣ ಪಟ್ಟಣ ಸಾರ್ವಜನಿಕರಿಂದ ಹಣ ಕೂಡಿಸಿ, ತನ್ನ ನೆಲದಲ್ಲಿ ಹುಟ್ಟಿದ ‘ಸಾಂಚೊಮೊ’ ಎಂಬ ಕತ್ತಿಯನ್ನು 50 ಕೋಟಿ ಯೆನ್ ಕೊಟ್ಟು ಕೊಂಡುಕೊಂಡಿತು.

ಸಾಣೆ ಮುಗಿದು ಮನೆಗೆ ಬಂದ ಅಲಗನ್ನು ಕಾಯುವ ಬಗೆ ಸರಳವಾದುದು. ಹಿಡಿಯನ್ನು ಕಳಚಿ, ಮೆತುವಾದ ಕಾಗದದಿಂದ ಹಳೆಯ ಎಣ್ಣೆಯನ್ನು ಬೆನ್ನಿನ ಕಡೆಯಿಂದ ಹಿಡಿದು ಒರಸುವರು. ಉಚಿಗುಮೊರಿ ಕಲ್ಲಿನ ಪುಡಿಯನ್ನು ರೇಷ್ಮೆಯ ಗಂಟಿನಲ್ಲಿ ಕಟ್ಟಿ, ಅಲಗಿನ ಮೇಲೆ ತಟ್ಟಿ, ಮತ್ತೆ ಒರಸುವುದು ಹಳೆಯ ಪದ್ಧತಿ. ಅದರಿಂದ ಹೊಸ ಸಾಣೆಯ ಮೇಲೆ ಗೀರು ಬೀಳುವುದೆಂದು ಈಗ ಅನೇಕರು ಶುದ್ಧ ಆಲ್ಕೊಹಾಲಿನಿಂದ ಒರಸಿ ಬಿಡುವರು. ಬಳಿಕ ಲವಂಗದ ಪರಿಮಳ ಬೆರೆತ ತೆಳುವಾದ ಎಣ್ಣೆಯನ್ನು ಕಂಡೂ ಕಾಣದಷ್ಟು ಸವರುವರು. ಅಲಗನ್ನು ಬೆರಳಿನಿಂದ ಮುಟ್ಟಬಾರದು. ಬೆವರಿನ ಉಪ್ಪು ಬೆರಳಚ್ಚಿನ ಆಕಾರದಲ್ಲಿಯೇ ತುಕ್ಕು ತರುವುದು. ಅಲಗಿನ ಮೇಲೆ ಬಾಗಿ ಮಾತನಾಡಲೂಬಾರದು, ಉಗುಳಿನ ಹನಿ ಸಿಡಿಯುತ್ತದೆ. ನಕಗೊವನ್ನು ಒಣಬಟ್ಟೆಯಿಂದ ಒಮ್ಮೆ ಮುಟ್ಟಿ ಬಿಟ್ಟರೆ ಆಯಿತು. ಹಿಡಿಯನ್ನು ತೊಡಿಸಿ, ಬಿದಿರಿನ ಗೂಟವನ್ನು ಮತ್ತೆ ಸಿಗಿಸಿ, ಬಾಯಿ ಮೇಲಾಗಿರುವಂತೆ ಒರೆಯಲ್ಲಿ ಇಳಿಬಿಡುವರು. ಕೆಲವು ತಿಂಗಳು ಕಳೆದ ಮೇಲೆ ಎಣ್ಣೆ ಒಣಗಿದೆಯೆ ಎಂದು ಮತ್ತೊಮ್ಮೆ ತೆಗೆದು ನೋಡುವರು.